ಫ್ಲ್ಯಾಕ್, ವೇವ್, ಡಬ್ಲ್ಯುಎಂಎ ಬೆರೆತ ಸಂಗ್ರಹದಿಂದ ಕಾರಿಗೆ ಎಂಪಿ3 ಮಾಡುವುದು ಹೇಗೆ?

ಶ್ರುತಿಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಒಂದು ಹಾರ್ಡ್‌ಡಿಸ್ಕ್ ತುಂಬ ಹಾಡುಗಳಿವೆ, ಒಂದೊಂದು ಕಂತೆ ಒಂದೊಂದು ಫಾರ್ಮ್ಯಾಟಿನಲ್ಲಿ. ಸಿಡಿಯಿಂದ ತೆಗೆದವು ಫ್ಲ್ಯಾಕ್ (ಲಾಸ್‌ಲೆಸ್, ಅಂದರೆ ಧ್ವನಿ ಏನೂ ಕಳೆಯದೆ ಕುಗ್ಗಿಸುವ ಫಾರ್ಮ್ಯಾಟ್). ಕ್ಯಾಸೆಟ್‌ನಿಂದ ಆಡಾಸಿಟಿ ಎಂಬ ರೆಕಾರ್ಡಿಂಗ್ ಪ್ರೋಗ್ರಾಂಗೆ ಇಳಿಸಿದ ಕಚೇರಿ, ತಾಳಮದ್ದಳೆಗಳು 96 ಕಿಲೋಹರ್ಟ್ಜ್ ವೇವ್ (ಕುಗ್ಗಿಸದ ಧ್ವನಿ). ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ ಮೀಡಿಯಾ ಪ್ಲೇಯರ್ ಮೂಲಕ ಸಿಡಿಯಿಂದ ಕಾಪಿ ಮಾಡಿದವು ಡಬ್ಲ್ಯುಎಂಎ. ಮಿಕ್ಕಿದ್ದು 128 ಕೆಬಿಪಿಎಸ್ ಎಂಪಿ3.

ಕಾರಿನ ಸ್ಟೀರಿಯೋ ಯುಎಸ್‌ಬಿಯಿಂದ ಎಂಪಿ3, ಡಬ್ಲ್ಯುಎಂಎ ಮಾತ್ರ ಓದುತ್ತದೆ. ಫೋನ್ ಆಂಡ್ರಾಯ್ಡ್. ಕಂಪ್ಯೂಟರ್ ವಿಂಡೋಸ್ 11.

ಎಲ್ಲವನ್ನೂ 320 ಕೆಬಿಪಿಎಸ್ ಎಂಪಿ3 ಮಾಡಿಬಿಟ್ಟರೆ ಆಯಿತೇ? 128ರ ಹಾಡುಗಳನ್ನು 320ಕ್ಕೆ ಏರಿಸಿದರೆ ಏನಾದರೂ ಸುಧಾರಿಸುತ್ತದೆಯೇ? ಡಬ್ಲ್ಯುಎಂಎಗಳಲ್ಲಿ ಕೆಲವು ಯಾವ ಕನ್ವರ್ಟರಿನಲ್ಲೂ ತೆರೆಯುತ್ತಿಲ್ಲ, ಯಾಕೆ? ರಾಗ, ತಾನ, ಪಲ್ಲವಿಯನ್ನು ಮೂರು ಟ್ರ್ಯಾಕ್ ಮಾಡಿ ಎಂಪಿ3ಗೆ ಹಾಕಿದರೆ ನಡುನಡುವೆ ತುಂಡಾಗುತ್ತದೆ. ಕನ್ನಡದಲ್ಲಿ ಬರೆದ ಹಾಡಿನ ಹೆಸರು ಒಂದು ಕಡೆ ಚೌಕ, ಇನ್ನೊಂದು ಕಡೆ ಪ್ರಶ್ನಾರ್ಥಕ ಚಿಹ್ನೆ, ಮತ್ತೊಂದು ಕಡೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ. ಉಚಿತ ಸಾಫ್ಟ್‌ವೇರ್‌ನಲ್ಲೇ ಆಗುವುದಾದರೆ ಒಳ್ಳೆಯದು.

ಬಿಟ್‌ರೇಟ್ ಭಟ್ರು:

320 ಮಾಡಿ ಮೂಲ ಅಳಿಸುವ ಯೋಚನೆ ಇದ್ದರೆ ಮೊದಲು ಅದನ್ನು ಬಿಡಿ. ನಿಮ್ಮ ವೇವ್, ಫ್ಲ್ಯಾಕ್ ಮೂಲ ಪ್ರತಿಗಳು. ಕಾರಿನ ಎಂಪಿ3 ಅವುಗಳಿಂದ ಬೇಕೆಂದಾಗ ತೆಗೆಯುವ ನಕಲು. ಕಾರು ಬದಲಾದರೆ, ಫೋನ್ ಬದಲಾದರೆ ಮತ್ತೆ ಫ್ಲ್ಯಾಕ್‌ನಿಂದಲೇ ತೆಗೆಯಬೇಕು. ನಕಲಿನಿಂದ ನಕಲು ತೆಗೆಯುವ ಪ್ರಸಂಗ ಬರಬಾರದು. ಮಿಕ್ಕಿದ ಸೆಟ್ಟಿಂಗ್‌ಗಳಲ್ಲಿ ಹೆಚ್ಚುಕಡಿಮೆಯಾದರೆ ಇನ್ನೊಮ್ಮೆ ಕನ್ವರ್ಟ್ ಮಾಡಬಹುದು, ಇದರಲ್ಲಿ ತಪ್ಪಿದರೆ ದಾರಿಯಿಲ್ಲ.

ಹಾಗಾಗಿ ಮೊದಲ ಕೆಲಸ ವೇವ್‌ಗಳನ್ನು ಫ್ಲ್ಯಾಕ್ ಮಾಡುವುದು. 24 ಬಿಟ್, 96 ಕಿಲೋಹರ್ಟ್ಜ್ ಸ್ಟೀರಿಯೋ ವೇವ್ ನಿಮಿಷಕ್ಕೆ ಸುಮಾರು 34.5 ಎಂಬಿ, 90 ನಿಮಿಷದ ಕ್ಯಾಸೆಟ್ ಒಂದೇ 3.1 ಜಿಬಿ ತಿನ್ನುತ್ತದೆ. ಸಿಡಿ ಗುಣಮಟ್ಟದ ವೇವ್ ಫ್ಲ್ಯಾಕ್ ಆದಾಗ ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ. ಕ್ಯಾಸೆಟ್‌ನವು ಅಷ್ಟು ಇಳಿಯದಿದ್ದರೆ ಗಾಬರಿಯಾಗಬೇಡಿ. 24 ಬಿಟ್‌ಗಳಲ್ಲಿ ಕೆಳಗಿನವುಗಳ ತುಂಬ ಇರುವುದು ಟೇಪಿನ ಸೊಂಯ್ ಶಬ್ದ, ಅದನ್ನು ಯಾವ ಲಾಸ್‌ಲೆಸ್ ಫಾರ್ಮ್ಯಾಟೂ ಹೆಚ್ಚು ಕುಗ್ಗಿಸಲಾರದು. ಕಂಪ್ರೆಷನ್ ಲೆವೆಲ್ 0ಯಿಂದ 8ರವರೆಗೆ ಇದೆ, ಡೀಫಾಲ್ಟ್ 5. ಲೆವೆಲ್ ಯಾವುದಾದರೂ ಧ್ವನಿ ಒಂದೇ; ಬದಲಾಗುವುದು ಕನ್ವರ್ಟ್ ಆಗುವ ಸಮಯ ಮತ್ತು ಫೈಲಿನ ಗಾತ್ರ. 8 ಇಟ್ಟರೂ 5ಕ್ಕಿಂತ ಉಳಿಯುವುದು ಚಿಲ್ಲರೆ.

ಇಲ್ಲಿ ಎಡವುವ ಜಾಗ ಒಂದಿದೆ. ಆಡಾಸಿಟಿ ಒಳಗೆ 32 ಬಿಟ್ ಫ್ಲೋಟ್‌ನಲ್ಲಿ (ದಶಾಂಶ ಸಂಖ್ಯೆಗಳಲ್ಲಿ) ಕೆಲಸ ಮಾಡುತ್ತದೆ. ನೀವು ವೇವ್ ಎಕ್ಸ್‌ಪೋರ್ಟ್ ಮಾಡುವಾಗ ಫ್ಲೋಟ್ ಆರಿಸಿದ್ದರೆ ಆ ಫೈಲಿನಲ್ಲಿ ಗರಿಷ್ಠ ಮಟ್ಟವಾದ 0 ಡೆಸಿಬೆಲ್ ಮೀರಿದ ಶಿಖರಗಳೂ ಸುರಕ್ಷಿತವಾಗಿ ಕೂತಿರುತ್ತವೆ. ಫ್ಲ್ಯಾಕ್ ಪೂರ್ಣಾಂಕ ಮಾತ್ರ ಇಟ್ಟುಕೊಳ್ಳುತ್ತದೆ. ಫ್ಲೋಟ್ ವೇವನ್ನು ಹಾಗೇ ಫ್ಲ್ಯಾಕ್ ಮಾಡಿದರೆ ಆ ಶಿಖರಗಳ ತಲೆ ಕತ್ತರಿಸಿ ಹೋಗುತ್ತದೆ. ಫೈಲಿನ ಪ್ರಾಪರ್ಟೀಸ್‌ನಲ್ಲಿ 32 ಬಿಟ್ ಎಂದು ಕಂಡರೆ ಮೊದಲು ಆಡಾಸಿಟಿಯಲ್ಲಿ ತೆರೆದು ನಾರ್ಮಲೈಜ್ ಆಯ್ಕೆಯಿಂದ ಅತಿ ಎತ್ತರದ ಶಿಖರವನ್ನು ಮೈನಸ್ 1 ಡೆಸಿಬೆಲ್‌ಗೆ ತಂದು, ಆಮೇಲೆ 24 ಬಿಟ್ ಫ್ಲ್ಯಾಕ್ ಆಗಿ ಎಕ್ಸ್‌ಪೋರ್ಟ್ ಮಾಡಿ.

ವೇವ್ ಅಳಿಸುವ ಮುಂಚೆ ಫ್ಲ್ಯಾಕ್ ಸರಿ ಇದೆಯೇ ಎಂದು ನೋಡಿಕೊಳ್ಳಬೇಕು. ಪ್ರತಿ ಫ್ಲ್ಯಾಕ್‌ನ ತಲೆಭಾಗದಲ್ಲಿ ಮೂಲ ಧ್ವನಿಯ ಎಂಡಿ5 ಮೊತ್ತ (ಬೆರಳಚ್ಚಿನಂಥ ಗುರುತಿನ ಸಂಖ್ಯೆ) ಇರುತ್ತದೆ. ಫ್ಲ್ಯಾಕ್ ಪ್ರೋಗ್ರಾಂನ ಟೆಸ್ಟ್ ಆಯ್ಕೆ ಕೊಟ್ಟರೆ ಅದು ಇಡೀ ಫೈಲ್ ಬಿಚ್ಚಿ, ಮೊತ್ತ ತಾಳೆಯಾಗುತ್ತದೆಯೇ ಎಂದು ಹೇಳುತ್ತದೆ. ಇನ್ನೂ ಅನುಮಾನವಿದ್ದರೆ ಫೂಬಾರ್ 2000 ಎಂಬ ಪ್ಲೇಯರಿಗೆ ಸಿಗುವ ಬೈನರಿ ಕಂಪ್ಯಾರೇಟರ್ ಹಾಕಿಕೊಂಡು ವೇವ್, ಫ್ಲ್ಯಾಕ್ ಎರಡನ್ನೂ ಆರಿಸಿ ಹೋಲಿಸಿ (ನಾರ್ಮಲೈಜ್ ಮಾಡಿದವಕ್ಕೆ ಈ ಹೋಲಿಕೆ ಅನ್ವಯಿಸದು). ವ್ಯತ್ಯಾಸವಿಲ್ಲ ಎಂದು ಬಂದರೆ ಮಾತ್ರ ವೇವ್ ತೆಗೆಯಿರಿ.

ಇನ್ನು ಎಂಪಿ3. ಫೂಬಾರ್ 2000 ಮತ್ತು ಅದರ ತಾಣದಲ್ಲೇ ಇರುವ ಫ್ರೀ ಎನ್‌ಕೋಡರ್ ಪ್ಯಾಕ್ ಎರಡನ್ನೂ ಹಾಕಿಕೊಳ್ಳಿ. ಪ್ಯಾಕ್ ಇಲ್ಲದಿದ್ದರೆ ಮೊದಲ ಸಲ ಕನ್ವರ್ಟ್ ಒತ್ತಿದಾಗ ‘ಲೇಮ್ ಎಲ್ಲಿದೆ’ ಎಂದು ಕೇಳುತ್ತದೆ; ಲೇಮ್ ಎಂದರೆ ಎಂಪಿ3 ಮಾಡುವ ಎನ್‌ಕೋಡರ್. ಫ್ಲ್ಯಾಕ್ ಫೋಲ್ಡರನ್ನು ಪ್ಲೇಲಿಸ್ಟಿಗೆ ಎಳೆದು ಹಾಕಿ, ಎಲ್ಲ ಆರಿಸಿ, ಬಲ ಕ್ಲಿಕ್, ಕನ್ವರ್ಟ್, ಅದರ ಕೊನೆಯ ಮೂರು ಚುಕ್ಕಿಯ ಸಾಲು. ಔಟ್‌ಪುಟ್ ಫಾರ್ಮ್ಯಾಟ್‌ನಲ್ಲಿ ಎಂಪಿ3 ಲೇಮ್ ಆರಿಸಿ ಗುಣಮಟ್ಟದ ಗುಂಡಿಯನ್ನು ವಿ2ಗೆ ಎಳೆಯಿರಿ. ಡೆಸ್ಟಿನೇಷನ್‌ನಲ್ಲಿ ಬೇರೆಯದೇ ಫೋಲ್ಡರ್ ಕೊಡಿ, ಮೂಲದ ಫೋಲ್ಡರ್ ಬೇಡ. ಹೆಸರಿನ ನಮೂನೆಯಲ್ಲಿ ಆಲ್ಬಂ, ಟ್ರ್ಯಾಕ್ ಸಂಖ್ಯೆ, ಶೀರ್ಷಿಕೆ ಈ ಕ್ರಮ ಇಡಿ. ಕೊನೆಯ ‘ಅದರ್’ ಪುಟದಲ್ಲಿ ಟ್ಯಾಗ್ (ಹಾಡಿನ ಹೆಸರು ಇತ್ಯಾದಿ ವಿವರ) ಮತ್ತು ಚಿತ್ರ ವರ್ಗಾಯಿಸುವ ಎರಡು ಟಿಕ್ ಇವೆ, ಹಾಕಿ.

ವಿ2 ಯಾಕೆ, 320 ಯಾಕಲ್ಲ? ವಿ2 ಸರಾಸರಿ 190 ಕೆಬಿಪಿಎಸ್ ಆಸುಪಾಸು, ನಿಮಿಷಕ್ಕೆ 1.4 ಎಂಬಿ. ವಿ0 ಸುಮಾರು 245. ಸ್ಥಿರ 320 ಆದರೆ ನಿಮಿಷಕ್ಕೆ 2.4 ಎಂಬಿ. ವಿ ಎಂದರೆ ಬಿಟ್‌ರೇಟ್ ಹಾಡಿನ ಜೊತೆ ಏರಿಳಿಯುತ್ತದೆ: ತಂಬೂರಿ ಒಂದೇ ನುಡಿಯುವಾಗ ಕಡಿಮೆ, ತನಿ ಆವರ್ತನದಲ್ಲಿ ಹೆಚ್ಚು. 320ರಲ್ಲಿ ಮೌನಕ್ಕೂ 320 ತೆರಬೇಕು. ಕಾರಿನ ಎಂಜಿನ್ ಸದ್ದಿನ ನಡುವೆ ವಿ2ಗೂ 320ಕ್ಕೂ ವ್ಯತ್ಯಾಸ ಹುಡುಕುವುದು ವ್ಯರ್ಥ ಕಸರತ್ತು. 32 ಜಿಬಿಯಲ್ಲಿ ವಿ2 ಆದರೆ 370 ಗಂಟೆ ಹಿಡಿಯುತ್ತದೆ.

96 ಕಿಲೋಹರ್ಟ್ಜ್ ಎಂಪಿ3 ಎಂಬುದು ಇಲ್ಲ, 48ಕ್ಕೆ ನಿಲ್ಲುತ್ತದೆ. ಪ್ರೊಸೆಸಿಂಗ್ ಪುಟದಲ್ಲಿ ರೀಸ್ಯಾಂಪ್ಲರ್ ಸೇರಿಸಿ 44.1 ಕೊಡಿ; ಹಳೇ ಸ್ಟೀರಿಯೋಗಳಿಗೆ ಅದೇ ನಿರಾಳ. 24 ಬಿಟ್ಟನ್ನು 16ಕ್ಕೆ ಮೊದಲೇ ಇಳಿಸಬೇಡಿ. ಲೇಮ್ ಒಳಗೆ ಫ್ಲೋಟ್‌ನಲ್ಲೇ ಲೆಕ್ಕ ಮಾಡುತ್ತದೆ, 24 ಬಿಟ್ ನೇರವಾಗಿ ಕೊಡಬಹುದು. 16ಕ್ಕೆ ಇಳಿಸಿ ಡಿದರ್ (ಇಳಿಸಿದಾಗಿನ ದೋಷ ಮರೆಸುವ ಸಣ್ಣ ಶಬ್ದ) ಹಾಕುವುದು ಸಿಡಿ ಬರೆಯುವಾಗಿನ ಕೆಲಸ.

ಕಪ್ಪುಪರದೆ:

ಭಟ್ರು ಹೇಳಿದ್ದಕ್ಕೆ 128 ಮತ್ತು ಡಬ್ಲ್ಯುಎಂಎ ಭಾಗ ಸೇರಿಸುತ್ತೇನೆ.

128ರಿಂದ 320 ಮಾಡಿದರೆ ಸುಧಾರಿಸುವುದಿಲ್ಲ, ಸ್ವಲ್ಪ ಕೆಡುತ್ತದೆ. ಕನ್ವರ್ಟರ್ ಮೊದಲು ಹಳೇ ಎಂಪಿ3ಯನ್ನು ಬಿಚ್ಚಿ ಸಾದಾ ಸ್ಯಾಂಪಲ್‌ಗಳಾಗಿ ಮಾಡುತ್ತದೆ, ಆಮೇಲೆ ಮತ್ತೆ ಕುಗ್ಗಿಸುತ್ತದೆ. ಮೊದಲ ಸಲ ಬಿಸಾಡಿದ್ದು ಬಿಚ್ಚಿದಾಗ ವಾಪಸ್ ಬರುವುದಿಲ್ಲ. ಎರಡನೇ ಸಲ ಫ್ರೇಮ್‌ಗಳ ಗಡಿ ಬೇರೆ ಕಡೆ ಬೀಳುವುದರಿಂದ ಎನ್‌ಕೋಡರ್ ಮೊದಲಿನ ದೋಷವನ್ನೂ ಸಂಗೀತವೆಂದೇ ತಿಳಿದು ಅದಕ್ಕೂ ಬಿಟ್ ಖರ್ಚು ಮಾಡುತ್ತದೆ, ತನ್ನ ಪಾಲಿನ ದೋಷವನ್ನೂ ಹಾಕುತ್ತದೆ. ಚಪ್ಪಾಳೆ, ತಾಳ, ತಂಬೂರಿಯ ಜೀವಾಳದ ನಾದ ನೀರಿನೊಳಗಿಂದ ಕೇಳಿದಂತೆ ಸುಳಿಸುಳಿಯಾಗುವುದು ಇದರ ಲಕ್ಷಣ. ನಿಮ್ಮ ಕಾರು ಎಂಪಿ3 ಓದುತ್ತದಲ್ಲ, 128ರವನ್ನು ಹಾಗೇ ಕಾಪಿ ಮಾಡಿ. ಕನ್ವರ್ಟ್ ಮಾಡುವ ಅಗತ್ಯವೇ ಇಲ್ಲ.

ಇದೇ ಕಾರಣಕ್ಕೆ ಫೋನಿಗೂ ಎಂಪಿ3ಯಿಂದ ಆಪಸ್ (ಎಂಪಿ3ಯಂತೆ ಕುಗ್ಗಿಸುವ ಇನ್ನೊಂದು ಫಾರ್ಮ್ಯಾಟ್) ಮಾಡಬೇಡಿ, ಫ್ಲ್ಯಾಕ್‌ನಿಂದ ಮಾಡಿ. ಆಂಡ್ರಾಯ್ಡ್‌ಗೆ ಆಪಸ್ 128 ಕೆಬಿಪಿಎಸ್ ಧಾರಾಳ ಸಾಕು. ಜಾಗ ಇದ್ದರೆ ಫ್ಲ್ಯಾಕನ್ನೇ ಹಾಕಿ, ಆಂಡ್ರಾಯ್ಡ್ ನೇರವಾಗಿ ನುಡಿಸುತ್ತದೆ. ಅಂದಹಾಗೆ ಆಪಸ್ ಯಾವಾಗಲೂ 48 ಕಿಲೋಹರ್ಟ್ಜ್‌ನಲ್ಲೇ ಬಿಚ್ಚಿಕೊಳ್ಳುತ್ತದೆ. 44.1ರ ಹಾಡು ಕೊಟ್ಟು ‘48 ಅಂತ ತೋರಿಸ್ತಿದೆ, ಏನೋ ತಪ್ಪಾಯ್ತು’ ಎಂದುಕೊಳ್ಳಬೇಡಿ.

ಡಬ್ಲ್ಯುಎಂಎ ತೆರೆಯದಿರಲು ಬಹುಮಟ್ಟಿಗೆ ಕಾರಣ ಡಿಆರ್‌ಎಂ, ಅಂದರೆ ಕಾಪಿ ತಡೆಯುವ ಬೀಗ. ಆಗಿನ ವಿಂಡೋಸ್ ಮೀಡಿಯಾ ಪ್ಲೇಯರ್‌ನ ಸಿಡಿ ಕಾಪಿ ಸೆಟ್ಟಿಂಗ್‌ನಲ್ಲಿ ಕಾಪಿ ಪ್ರೊಟೆಕ್ಟ್ ಎಂಬ ಟಿಕ್ ಇತ್ತು. ಅದು ಹಾಕಿದ್ದಾಗ ಆದ ಫೈಲುಗಳ ಕೀಲಿ ಆ ಕಂಪ್ಯೂಟರಿನ ಲೈಸೆನ್ಸ್‌ನಲ್ಲೇ ಉಳಿದಿರುತ್ತದೆ, ಬೇರೆ ಕಡೆ ತೆರೆಯುವುದಿಲ್ಲ. ಸಿಡಿ ಕೈಯಲ್ಲಿದ್ದರೆ ಅದರ ಜೊತೆ ಗುದ್ದಾಡಬೇಡಿ. ಎಕ್ಸ್ಯಾಕ್ಟ್ ಆಡಿಯೋ ಕಾಪಿ ಎಂಬ ಪ್ರೋಗ್ರಾಂನಲ್ಲಿ ಸೆಕ್ಯೂರ್ ಮೋಡ್ ಇಟ್ಟು ಮತ್ತೆ ಫ್ಲ್ಯಾಕ್ ಆಗಿ ತೆಗೆಯಿರಿ. ಆಕ್ಯುರೇಟ್‌ರಿಪ್ ಆನ್ ಇದ್ದರೆ, ಅದೇ ಸಿಡಿಯನ್ನು ಬೇರೆಯವರು ತೆಗೆದಾಗ ಬಂದ ಮೊತ್ತದ ಜೊತೆ ನಿಮ್ಮದು ತಾಳೆಯಾಯಿತೇ ಎಂದು ಟ್ರ್ಯಾಕ್‌ವಾರು ಹೇಳುತ್ತದೆ.

ತೆರೆಯುವ ಡಬ್ಲ್ಯುಎಂಎಗಳಲ್ಲಿ ಎರಡು ಜಾತಿ. ಡಬ್ಲ್ಯುಎಂಎ ಲಾಸ್‌ಲೆಸ್ ಆದರೆ ನಿಶ್ಚಿಂತೆಯಿಂದ ಫ್ಲ್ಯಾಕ್ ಮಾಡಿ, ಏನೂ ಕಳೆಯುವುದಿಲ್ಲ. ಸಾದಾ ಡಬ್ಲ್ಯುಎಂಎ ಆದರೆ, ನಿಮ್ಮ ಕಾರು ಅದನ್ನು ಓದುವುದರಿಂದ, ಹಾಗೇ ಬಿಡಿ. ಮುಂದೆ ಓದದ ಕಾರು ಬಂದು ಸಿಡಿಯೂ ಇಲ್ಲದಿದ್ದರೆ ಒಂದೇ ಒಂದು ಸಲ ವಿ0 ಎಂಪಿ3 ಮಾಡಿ, ಮೂಲ ಡಬ್ಲ್ಯುಎಂಎ ಉಳಿಸಿಕೊಳ್ಳಿ. ಯಾವ ಜಾತಿ ಎಂದು ತಿಳಿಯಲು ಮೀಡಿಯಾಇನ್ಫೋ ಎಂಬ ಪ್ರೋಗ್ರಾಂನಲ್ಲಿ ಫೈಲ್ ತೆರೆದು ಕೋಡೆಕ್ ಸಾಲು ನೋಡಿ.

ನಿಮ್ಮ ಫ್ಲ್ಯಾಕ್‌ಗಳಲ್ಲಿ ಬೇರೆಯವರು ಕೊಟ್ಟವೂ ಇದ್ದರೆ, ಎಂಪಿ3ಯನ್ನೇ ಫ್ಲ್ಯಾಕ್ ಮಾಡಿ ಕೊಟ್ಟಿರಬಹುದು. ಸ್ಪೆಕ್ ಎಂಬ ಪುಟ್ಟ ಪ್ರೋಗ್ರಾಂನಲ್ಲಿ ಫೈಲ್ ತೆರೆಯಿರಿ, ಯಾವ ಎತ್ತರದ ನಾದ ಎಷ್ಟಿದೆ ಎಂಬ ಚಿತ್ರ ಬರುತ್ತದೆ. 16 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಮೇಲೆಲ್ಲ ಕಪ್ಪಾದರೆ ಅದು 128ರ ಎಂಪಿ3 ಸಂತಾನ. 320 ಆದರೆ ಆ ಗೆರೆ 20ರ ಹತ್ತಿರ. ಆದರೆ ಹಳೇ ಆಕಾಶವಾಣಿ ಧ್ವನಿಮುದ್ರಣ, ಕ್ಯಾಸೆಟ್, 78 ಆರ್‌ಪಿಎಂ ತಟ್ಟೆಗಳ ವಿಷಯದಲ್ಲಿ ಈ ಪರೀಕ್ಷೆ ನಂಬಬೇಡಿ. ಮೂಲದಲ್ಲೇ ಅಷ್ಟು ಮೇಲಿನ ನಾದ ಇರುವುದಿಲ್ಲ. ಅಲ್ಲಿ ಅಂಚು ಮಂಜುಮಂಜಾಗಿ ಕರಗಿದಂತೆ ಕಾಣುತ್ತದೆ, ಕತ್ತರಿಸಿದಂತೆ ಅಲ್ಲ.

ಕಮಾಂಡ್ ಸಾಲು ಬಳಸುವವರಿಗೆ: ಎಫ್‌ಎಫ್‌ಎಂಪೆಗ್‌ನಲ್ಲಿ ಆಡಿಯೋ ಕೋಡೆಕ್ ಲಿಬ್‌ಎಂಪಿ3ಲೇಮ್ ಕೊಟ್ಟು ಗುಣಮಟ್ಟದ ಸಂಖ್ಯೆ 2 ಇಟ್ಟರೆ ಅದೇ ವಿ2. ಜೊತೆಗೆ ಐಡಿ3 (ಎಂಪಿ3ಯ ಟ್ಯಾಗ್) ಆವೃತ್ತಿ 3, ಅಂದರೆ 2.3, ಎಂದು ಬರೆಯಲು ಮರೆಯಬೇಡಿ. ಬರೆಯದಿದ್ದರೆ 2.4 ಆವೃತ್ತಿಯ ಟ್ಯಾಗ್ ಬರುತ್ತದೆ, ಹಳೇ ಸ್ಟೀರಿಯೋಗಳು ಅದನ್ನು ಓದದೆ ಫೈಲಿನ ಹೆಸರನ್ನೇ ತೋರಿಸುತ್ತವೆ.

ಚಂಡೆಪೆಟ್ಟು:

ಭಟ್ರ ವಿ2 ಸಲಹೆ ಗಾಯನಕ್ಕೆ, ವೀಣೆಗೆ ಸರಿ. ತಾಳಮದ್ದಳೆಗೆ ನಾನು ಒಪ್ಪುವುದಿಲ್ಲ, ಅದಕ್ಕೆ ವಿ0 ಇಡಿ. ಎಂಪಿ3 ಧ್ವನಿಯನ್ನು 576 ಸ್ಯಾಂಪಲ್‌ಗಳ ತುಂಡು ಮಾಡಿ ಕುಗ್ಗಿಸುತ್ತದೆ, 44.1ರಲ್ಲಿ ಅದು ಸುಮಾರು 13 ಮಿಲಿಸೆಕೆಂಡ್. ತುಂಡಿನ ಕೊನೆಯಲ್ಲಿ ಚಂಡೆಯ ಪೆಟ್ಟು ಬಿದ್ದರೆ ಕುಗ್ಗಿಸುವಾಗಿನ ದೋಷ ಇಡೀ ತುಂಡಿಗೆ ಹರಡುತ್ತದೆ, ಅಂದರೆ ಪೆಟ್ಟು ಬೀಳುವ ಮೊದಲೇ ಒಂದು ‘ಸ್ಸ್’ ಕೇಳಿಸುತ್ತದೆ. ಇದಕ್ಕೆ ಪ್ರಿ-ಎಕೋ ಎನ್ನುತ್ತಾರೆ. ಲೇಮ್ ಇದನ್ನು ಗುರುತಿಸಿ 192ರ ಸಣ್ಣ ತುಂಡಿಗೆ ಇಳಿಯುತ್ತದೆ, ಆದರೆ ಸಣ್ಣ ತುಂಡಿಗೆ ಬಿಟ್ ಹೆಚ್ಚು ಬೇಕು. ಚಂಡೆ, ಜಾಗಟೆ, ಚಕ್ರತಾಳ ಒಟ್ಟಿಗೆ ಬಿದ್ದಾಗ ಬಿಟ್ ಸಾಲದೆ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಘಟ, ಖಂಜಿರ, ಮೋರ್ಸಿಂಗ್‌ಗೂ ಇದೇ ಮಾತು. ನಂಬಿಕೆ ಬರದಿದ್ದರೆ ಫೂಬಾರ್‌ನ ಎಬಿಎಕ್ಸ್ ಕಂಪ್ಯಾರೇಟರ್‌ನಲ್ಲಿ (ಯಾವುದು ಯಾವುದೆಂದು ತಿಳಿಸದೆ ಕೇಳಿಸಿ ಹೋಲಿಸುವ ಸಲಕರಣೆ) ಚಂಡೆಯ ಏರುಪೆಟ್ಟಿನ 10 ಸೆಕೆಂಡ್ ಆರಿಸಿಕೊಂಡು ಹೆಡ್‌ಫೋನ್‌ನಲ್ಲಿ ಪರೀಕ್ಷಿಸಿ. ಇಡೀ ಪ್ರಸಂಗ ಕೇಳಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಕ್ಯಾಸೆಟ್‌ಗಳ ಬಗ್ಗೆ ಯಾರೂ ಕೇಳದ ಪ್ರಶ್ನೆ: ಅವು ಸ್ಟೀರಿಯೋವೇ, ಮೋನೋವೇ? ಒಂದೇ ಮೈಕಿನಲ್ಲಿ ರೆಕಾರ್ಡ್ ಮಾಡಿದ ಕಚೇರಿಯನ್ನು ಸ್ಟೀರಿಯೋ ಡೆಕ್‌ನಲ್ಲಿ ನುಡಿಸಿ ಇಳಿಸಿದರೆ ಎಡ, ಬಲ ಎರಡರಲ್ಲೂ ಅದೇ ಹಾಡು, ಆದರೆ ಬೇರೆ ಬೇರೆ ಟೇಪ್ ಹಿಸ್. ಎರಡು ಚಾನೆಲ್ ಪೂರಾ ಒಂದೇ ಆಗಿದ್ದರೆ ಜಾಯಿಂಟ್ ಸ್ಟೀರಿಯೋ (ಎರಡರ ಸಮಾನ ಭಾಗವನ್ನೂ ವ್ಯತ್ಯಾಸವನ್ನೂ ಬೇರೆ ಬೇರೆ ಇಡುವ ವಿಧಾನ) ಎರಡನೆಯದಕ್ಕೆ ಬಿಟ್ ಖರ್ಚು ಮಾಡುತ್ತಿರಲಿಲ್ಲ. ಹಿಸ್ ಬೇರೆ ಆದ್ದರಿಂದ ಕೆಲಸಕ್ಕೆ ಬಾರದ ವ್ಯತ್ಯಾಸಕ್ಕೆಲ್ಲ ಬಿಟ್ ಹೋಗುತ್ತದೆ. ಇವನ್ನು ಮೋನೋ ಮಾಡಿದರೆ ಫೈಲೂ ಸಣ್ಣದು, ಧ್ವನಿಯೂ ಸ್ವಚ್ಛ.

ಮಾಡುವಾಗ ಎರಡು ಚಾನೆಲ್ ಕೂಡಿಸಬೇಡಿ. ಡೆಕ್‌ನ ಹೆಡ್ ಕೂದಲೆಳೆಯಷ್ಟು ಓರೆ ಇದ್ದರೂ ಒಂದು ಚಾನೆಲ್ ಇನ್ನೊಂದಕ್ಕಿಂತ ಕ್ಷಣದ ಅಂಶದಷ್ಟು ತಡವಾಗಿ ಬರುತ್ತದೆ. ಕೂಡಿಸಿದಾಗ ತಗ್ಗಿನ ಸ್ವರ ಸರಿಯೇ ಇರುತ್ತದೆ, ಮೇಲಿನ ನಾದ ಒಂದನ್ನೊಂದು ಹೊಡೆದುಹಾಕುತ್ತದೆ. ‘ಸ’, ‘ಶ’ ಅಕ್ಷರಗಳು ಮಂಕಾಗಿ, ಭಾಗವತರ ಮಾತು ಕಂಬಳಿ ಹೊದ್ದಂತೆ ಕೇಳುತ್ತದೆ. ಆಡಾಸಿಟಿಯಲ್ಲಿ ಟ್ರ್ಯಾಕ್ ಮೆನುವಿನಿಂದ ಸ್ಪ್ಲಿಟ್ ಸ್ಟೀರಿಯೋ ಟು ಮೋನೋ ಕೊಟ್ಟು ಎರಡನ್ನೂ ಒಂದೊಂದಾಗಿ ಕೇಳಿ. ಯಾವುದು ಸ್ಪಷ್ಟವೋ ಅದನ್ನಿಟ್ಟು ಇನ್ನೊಂದನ್ನು ಅಳಿಸಿ. ಇದು ನಕಲಿಗೆ ಮಾತ್ರ, ಮೂಲ ಫ್ಲ್ಯಾಕ್ ಎರಡು ಚಾನೆಲ್‌ನಲ್ಲೇ ಇರಲಿ.

ರಾಗ, ತಾನ, ಪಲ್ಲವಿ ತುಂಡಾಗುವುದು ಎಂಪಿ3 ಹುಟ್ಟುಗುಣ. ಎಂಪಿ3 ಫ್ರೇಮ್ 1152 ಸ್ಯಾಂಪಲ್. ಟ್ರ್ಯಾಕಿನ ಉದ್ದ ಅದರ ಸರಿಯಾದ ಮಡಿ ಆಗಿರುವುದು ಅಪರೂಪ, ಕೊನೆಯಲ್ಲಿ ಮೌನ ತುಂಬುತ್ತದೆ. ಶುರುವಿನಲ್ಲೂ ಎನ್‌ಕೋಡರ್‌ನ 576 ಸ್ಯಾಂಪಲ್, ಡಿಕೋಡರ್‌ನ 529 ಸೇರಿ ಸುಮಾರು 25 ಮಿಲಿಸೆಕೆಂಡ್ ಖಾಲಿ. ಎಷ್ಟು ಖಾಲಿ ಇದೆ ಎಂದು ಲೇಮ್ ಫೈಲಿನ ತಲೆಯಲ್ಲಿ ಬರೆದಿಡುತ್ತದೆ, ಫೂಬಾರ್ ಅದನ್ನು ಓದಿ ಕತ್ತರಿಸಿ ನುಡಿಸುತ್ತದೆ. ಆದ್ದರಿಂದ ಕಂಪ್ಯೂಟರಿನಲ್ಲಿ ತುಂಡಾಗುವುದಿಲ್ಲ. ಕಾರಿನ ಸ್ಟೀರಿಯೋ ಅದನ್ನು ಓದುವುದಿಲ್ಲ, ಮೇಲಿಂದ ಮುಂದಿನ ಫೈಲ್ ತೆರೆಯಲು ತನ್ನದೇ ಸಮಯ ತೆಗೆದುಕೊಳ್ಳುತ್ತದೆ. ಫೈಲಿನೊಳಗೆ ಏನು ಮಾಡಿದರೂ ಇದು ಸರಿಹೋಗುವುದಿಲ್ಲ. ಆ ಮೂರನ್ನೂ ಒಂದೇ ಫೈಲ್ ಮಾಡುವುದೇ ಪರಿಹಾರ: ಫೂಬಾರ್‌ನ ಕನ್ವರ್ಟರ್ ಡೆಸ್ಟಿನೇಷನ್ ಪುಟದಲ್ಲಿ ಎಲ್ಲ ಟ್ರ್ಯಾಕ್ ಸೇರಿಸಿ ಒಂದೇ ಫೈಲ್ ಮಾಡುವ ಆಯ್ಕೆ ಇದೆ. ಫ್ಲ್ಯಾಕ್‌ನಲ್ಲಿ ಅವು ಬೇರೆ ಬೇರೆಯೇ ಇರಲಿ, ಫ್ಲ್ಯಾಕ್‌ಗೆ ಈ ಕಾಯಿಲೆ ಇಲ್ಲ.

ಒತ್ತಕ್ಷರ:

ಹೆಸರಿನ ಸಮಸ್ಯೆ ಒಂದಲ್ಲ, ನಾಲ್ಕು. ಕಣ್ಣಿಗೆ ಬೀಳುವ ರೂಪ ನೋಡಿಯೇ ಯಾವುದೆಂದು ಹೇಳಬಹುದು.

ಚೌಕ ಕಂಡರೆ ಟ್ಯಾಗ್ ಸರಿಯಾಗಿದೆ, ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ಕಾರಿನ ಸ್ಟೀರಿಯೋಗೆ ಫಾಂಟ್ ಹಾಕಲು ಬರುವುದಿಲ್ಲ. ಕೆಲವು ಸ್ಟೀರಿಯೋಗಳಲ್ಲಿ ಅಕ್ಷರ ಬರುತ್ತದೆ, ಒತ್ತು, ಗುಣಿತ ಚೆಲ್ಲಾಪಿಲ್ಲಿ. ಫಾಂಟ್ ಇದೆ, ಜೋಡಿಸುವ ಯಂತ್ರ ಇಲ್ಲ. ಎರಡಕ್ಕೂ ಮದ್ದು, ಕಾರಿನ ಪ್ರತಿಗೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆಯುವುದು.

ಪ್ರತಿ ಕನ್ನಡ ಅಕ್ಷರದ ಜಾಗದಲ್ಲಿ ಮೂರು ಚಿಹ್ನೆ ಬಂದು, ಮೊದಲನೆಯದು ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’ (à), ಎರಡನೆಯದು ಘಾತದ ಪುಟ್ಟ 2 ಅಥವಾ 3 ಎಂದು ಪದೇ ಪದೇ ಕಂಡರೆ, ಅದು ಯುಟಿಎಫ್-8 (ಯುನಿಕೋಡ್ ಅಕ್ಷರವನ್ನು ಬೈಟ್‌ಗಳಾಗಿ ಬರೆಯುವ ವಿಧಾನ) ಕನ್ನಡವನ್ನು ಲ್ಯಾಟಿನ್ ಎಂದು ಓದಿದ ಫಲ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಮೂರು ಬೈಟ್, ಆ ಮೂರೂ ಬಿಡಿಬಿಡಿಯಾಗಿ ಕಾಣುತ್ತಿವೆ. ಮಾಹಿತಿ ಹೋಗಿಲ್ಲ. ಟ್ಯಾಗ್ ತಿದ್ದುವ ಎಂಪಿ3ಟ್ಯಾಗ್ ಪ್ರೋಗ್ರಾಂನಲ್ಲಿ ಕೋಡ್‌ಪೇಜ್ ಬದಲಿಸುವ ಆಕ್ಷನ್‌ನಿಂದ ಸರಿಪಡಿಸಬಹುದು, ಮೊದಲು ಒಂದು ಫೈಲಿನ ಮೇಲೆ ಮಾಡಿ ನೋಡಿ.

ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ, ಆದರೆ ಮೂರರ ಲೆಕ್ಕಕ್ಕೆ ಸಿಗದಿದ್ದರೆ, ಅದು ನುಡಿ ಅಥವಾ ಬರಹ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಸಾಲನ್ನು ವರ್ಡ್‌ಗೆ ಅಂಟಿಸಿ ನುಡಿ ಫಾಂಟ್ ಹಾಕಿ ನೋಡಿ, ಕನ್ನಡ ಪ್ರತ್ಯಕ್ಷವಾದರೆ ರೋಗ ಇದೇ. ನುಡಿ, ಬರಹ ಎರಡರಲ್ಲೂ ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಸಲಕರಣೆ ಇದೆ. ಎಂಪಿ3ಟ್ಯಾಗ್‌ನಿಂದ ಎಲ್ಲ ಹೆಸರನ್ನೂ ಪಠ್ಯ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ, ಅಲ್ಲಿ ಬದಲಿಸಿ, ‘ಟೆಕ್ಸ್ಟ್ ಫೈಲ್ ಟು ಟ್ಯಾಗ್’ ಮೂಲಕ ವಾಪಸ್ ಹಾಕಿ. ಸಾಲುಗಳ ಕ್ರಮ ತಪ್ಪಿದರೆ ಒಂದರ ಹೆಸರು ಇನ್ನೊಂದಕ್ಕೆ ಹೋಗಿಬಿಡುತ್ತದೆ, ಹಾಗಾಗಿ ಒಂದೊಂದು ಆಲ್ಬಮ್ಮೇ ಮಾಡಿ. ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಂದ ಓದಿ, ಬದಲಿಸುವಾಗ ಕೆಡುವುದು ಅಲ್ಲೇ.

ಪ್ರಶ್ನಾರ್ಥಕ ಚಿಹ್ನೆ ಮಾತ್ರ ಉಳಿದಿದ್ದರೆ ಕತೆ ಮುಗಿಯಿತು. ಕನ್ನಡ ಗೊತ್ತಿಲ್ಲದ ಪ್ರೋಗ್ರಾಂ ಒಂದು ಸೇವ್ ಮಾಡುವಾಗ ಅಕ್ಷರವನ್ನೇ ಬಿಸಾಡಿದೆ, ಹೊಸದಾಗಿ ಟೈಪ್ ಮಾಡಬೇಕು.

ಮುಂದೆ ಹೀಗಾಗದಿರಲು ಎಂಪಿ3ಟ್ಯಾಗ್‌ನ ಆಪ್ಷನ್ಸ್, ಟ್ಯಾಗ್ಸ್, ಎಂಪೆಗ್ ಪುಟದಲ್ಲಿ ಬರೆಯುವ ವಿಧ ಐಡಿ3 2.3, ಯುಟಿಎಫ್-16 ಎಂದಿಡಿ. ಐಡಿ3 ಮೊದಲ ಆವೃತ್ತಿಯ ಬರೆಯುವ ಟಿಕ್ ತೆಗೆಯಿರಿ. ಅದರಲ್ಲಿ ಶೀರ್ಷಿಕೆಗೆ ಇರುವುದೇ 30 ಬೈಟ್, ಕನ್ನಡಕ್ಕೆ ಜಾಗವೇ ಇಲ್ಲ. ಫ್ಲ್ಯಾಕ್‌ಗೆ ಇದ್ಯಾವ ಚಿಂತೆಯೂ ಇಲ್ಲ, ಅದರ ಟ್ಯಾಗ್ ಯಾವಾಗಲೂ ಯುಟಿಎಫ್-8.

ಇಂಗ್ಲಿಷ್ ಹೆಸರನ್ನೂ ಫ್ಲ್ಯಾಕ್‌ನಲ್ಲೇ ಇನ್ನೊಂದು ಫೀಲ್ಡ್ ಮಾಡಿ ಒಮ್ಮೆ ಟೈಪ್ ಮಾಡಿಟ್ಟುಕೊಳ್ಳಿ. ಕಾರಿಗೆ ಕನ್ವರ್ಟ್ ಆದ ಮೇಲೆ ಎಂಪಿ3ಟ್ಯಾಗ್‌ನ ‘ಫಾರ್ಮ್ಯಾಟ್ ವ್ಯಾಲ್ಯೂ’ ಆಕ್ಷನ್ ಆ ಫೀಲ್ಡನ್ನು ಶೀರ್ಷಿಕೆಗೆ ನಕಲು ಮಾಡುತ್ತದೆ, ಸಾವಿರ ಹಾಡಾದರೂ ಒಂದೇ ಕ್ಲಿಕ್. ಮುಖಪುಟದ ಚಿತ್ರವನ್ನೂ ಆಗಲೇ 500 ಪಿಕ್ಸೆಲ್ ಚೌಕದ ಸಾದಾ ಜೆಪೆಗ್‌ಗೆ ಇಳಿಸಿಬಿಡಿ. ಪ್ರೋಗ್ರೆಸಿವ್ ಜೆಪೆಗ್ ಆದರೆ ಕೆಲವು ಸ್ಟೀರಿಯೋ ಚಿತ್ರ ತೋರಿಸುವುದಿಲ್ಲ.

ಶ್ರುತಿಪೆಟ್ಟಿಗೆ:

ಎಲ್ಲರಿಗೂ ಧನ್ಯವಾದ. ಪರೀಕ್ಷೆಗೆಂದು ಒಂದಷ್ಟು ಫ್ಲ್ಯಾಕ್‌ಗಳನ್ನು ಫೂಬಾರ್‌ನಿಂದ ನೇರ 32 ಜಿಬಿ ಪೆನ್‌ಡ್ರೈವ್‌ಗೇ ವಿ2 ಮಾಡಿದೆ. ಕಾರಿನಲ್ಲಿ ನುಡಿಯುತ್ತದೆ, ಆದರೆ ಹಾಡುಗಳು 03, 01, 04, 02 ಹೀಗೆ ಬರುತ್ತಿವೆ, ಕಂಪ್ಯೂಟರಿನಲ್ಲಿ ನೋಡಿದರೆ ಕ್ರಮ ಸರಿ ಇದೆ. ಹೊಸ 64 ಜಿಬಿ ಡ್ರೈವ್ ಹಾಕಿದರೆ ‘ನೋ ಫೈಲ್’ ಎನ್ನುತ್ತದೆ. ಚಿತ್ರಗೀತೆ ಮುಗಿದು ಆಲಾಪನೆ ಬಂದರೆ ವಾಲ್ಯೂಮ್ ಏರಿಸಬೇಕು, ಮತ್ತೆ ಚಿತ್ರಗೀತೆ ಬಂದರೆ ಕಿವಿ ಕಿತ್ತುಹೋಗುತ್ತದೆ. ಇದನ್ನು ಕನ್ವರ್ಟ್ ಮಾಡುವಾಗಲೇ ಸರಿಮಾಡಲು ಬರುತ್ತದೆಯೇ?

ಬಿಟ್‌ರೇಟ್ ಭಟ್ರು:

ಕ್ರಮ ತಪ್ಪಿದ್ದು ನೇರ ಪೆನ್‌ಡ್ರೈವ್‌ಗೆ ಕನ್ವರ್ಟ್ ಮಾಡಿದ್ದಕ್ಕೆ. ಫೂಬಾರ್ ಪ್ರೊಸೆಸರಿನ ಕೋರ್‌ಗಳಷ್ಟು ಹಾಡನ್ನು ಒಟ್ಟೊಟ್ಟಿಗೆ ಕನ್ವರ್ಟ್ ಮಾಡುತ್ತದೆ, ಫೈಲುಗಳು ಹಿಂದುಮುಂದಾಗಿ ಡ್ರೈವ್‌ಗೆ ಬೀಳುತ್ತವೆ. ಕಂಪ್ಯೂಟರ್ ಹೆಸರಿನ ಪ್ರಕಾರ ಜೋಡಿಸಿ ತೋರಿಸುತ್ತದೆ. ಬಹಳಷ್ಟು ಕಾರ್ ಸ್ಟೀರಿಯೋಗಳು ಜೋಡಿಸುವ ಗೋಜಿಗೆ ಹೋಗದೆ ಡ್ರೈವ್‌ನ ಫೈಲ್ ಪಟ್ಟಿಯಲ್ಲಿ (ಫ್ಯಾಟ್) ದಾಖಲಾದ ಕ್ರಮದಲ್ಲೇ ನುಡಿಸುತ್ತವೆ. ಹಾರ್ಡ್‌ಡಿಸ್ಕಿನ ಒಂದು ಫೋಲ್ಡರಿಗೆ ಕನ್ವರ್ಟ್ ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಆಮೇಲೆ ಒಂದೊಂದೇ ಆಲ್ಬಂ ಫೋಲ್ಡರನ್ನು ಕ್ರಮವಾಗಿ ಕಾಪಿ ಮಾಡಿ. ನಡುವೆ ಒಂದು ಹಾಡು ಆಮೇಲೆ ಸೇರಿಸಿದರೆ ಅದು ಕೊನೆಗೇ ಹೋಗಿ ಕೂರುತ್ತದೆ. ಆಗ ಡ್ರೈವ್‌ಸಾರ್ಟ್ ಎಂಬ ಪ್ರೋಗ್ರಾಂ ಪಟ್ಟಿಯನ್ನೇ ಮರುಜೋಡಿಸಿ ಕೊಡುತ್ತದೆ, ಲಿನಕ್ಸ್‌ನಲ್ಲಿ ಫ್ಯಾಟ್‌ಸಾರ್ಟ್.

64 ಜಿಬಿ ಡ್ರೈವ್ ಸಾಮಾನ್ಯವಾಗಿ ಅಂಗಡಿಯಿಂದ ಬರುವಾಗಲೇ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಂನಲ್ಲಿ ಇರುತ್ತದೆ. ನಿಮ್ಮ ಸ್ಟೀರಿಯೋಗೆ ಫ್ಯಾಟ್32 ಬೇಕು. ವಿಂಡೋಸಿನ ಫಾರ್ಮ್ಯಾಟ್ ಕಿಟಕಿಯಲ್ಲಿ ಆ ಆಯ್ಕೆ ಕಾಣದಿದ್ದರೆ ರೂಫಸ್ ಎಂಬ ಪ್ರೋಗ್ರಾಂ ತೆರೆದು, ಬೂಟ್ ಆಯ್ಕೆಯಲ್ಲಿ ನಾನ್-ಬೂಟಬಲ್, ಪಾರ್ಟಿಷನ್ ವಿಧ ಎಂಬಿಆರ್, ಫೈಲ್ ಸಿಸ್ಟಂ ಫ್ಯಾಟ್32 ಎಂದಿಡಿ. ಪಾರ್ಟಿಷನ್ ವಿಧ ಜಿಪಿಟಿ ಇಟ್ಟರೆ ಮತ್ತೆ ‘ನೋ ಫೈಲ್’ ಬರುವ ಸಂಭವವೇ ಹೆಚ್ಚು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಎಂಪಿ3ಗೆ ಅದರ ತಂಟೆಯಿಲ್ಲ.

ವಾಲ್ಯೂಮ್ ಸರಿ ಮಾಡಲು ಬರುತ್ತದೆ. ಫೂಬಾರ್‌ನಲ್ಲಿ ಎಲ್ಲ ಫ್ಲ್ಯಾಕ್ ಆರಿಸಿ ಬಲ ಕ್ಲಿಕ್, ರೀಪ್ಲೇಗೇನ್, ಸ್ಕ್ಯಾನ್. ಇದು ಹಾಡನ್ನು ಮುಟ್ಟುವುದಿಲ್ಲ, ಎಷ್ಟು ಡೆಸಿಬೆಲ್ ಏರಿಸಬೇಕು, ಇಳಿಸಬೇಕು ಎಂದು ಟ್ಯಾಗ್‌ನಲ್ಲಿ ಬರೆದಿಡುತ್ತದೆ. ಕಾರು ಆ ಟ್ಯಾಗ್ ಓದುವುದಿಲ್ಲವಾದ್ದರಿಂದ ಕನ್ವರ್ಟರ್‌ನ ಪ್ರೊಸೆಸಿಂಗ್ ಪುಟದಲ್ಲಿ ರೀಪ್ಲೇಗೇನ್ ಅನ್ವಯಿಸುವಂತೆ ಇಡಬೇಕು, ಆಗ ಎಂಪಿ3ಯೊಳಗೇ ವಾಲ್ಯೂಮ್ ಬದಲಾಗುತ್ತದೆ. ಬಿಡಿ ಚಿತ್ರಗೀತೆಗಳಿಗೆ ಟ್ರ್ಯಾಕ್ ಗೇನ್. ಕಚೇರಿಗೆ ಆಲ್ಬಂ ಗೇನ್. ಟ್ರ್ಯಾಕ್ ಗೇನ್ ಕೊಟ್ಟರೆ ಆಲಾಪನೆಯೂ ತನಿ ಆವರ್ತನವೂ ಒಂದೇ ಮಟ್ಟಕ್ಕೆ ಬಂದು ಕಚೇರಿಯ ಏರಿಳಿತ ಸತ್ತುಹೋಗುತ್ತದೆ. ಹಾಗಾಗಿ ಎರಡು ಕಂತೆ ಬೇರೆ ಬೇರೆ ಕನ್ವರ್ಟ್ ಮಾಡಿ.

ಇದರ ಗುರಿ ಮಟ್ಟ ಮೈನಸ್ 18 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ), ಕಾರಿಗೆ ಕೊಂಚ ಸಣ್ಣ. ಪ್ರಿ-ಆ್ಯಂಪ್ 4 ಡೆಸಿಬೆಲ್ ಏರಿಸಿ, ಪೀಕ್ ನೋಡಿ ಕ್ಲಿಪ್ಪಿಂಗ್ ತಡೆಯುವ ಆಯ್ಕೆಯನ್ನೂ ಹಾಕಿ. ನಿಮ್ಮ 128ರ ಎಂಪಿ3ಗಳನ್ನು ಕನ್ವರ್ಟ್ ಮಾಡದೆ ಸರಿಪಡಿಸಲು ಎಂಪಿ3ಗೇನ್ ಇದೆ. ಅದು ಪ್ರತಿ ಫ್ರೇಮಿನ ಗೇನ್ ಅಂಕಿಯನ್ನು ಮಾತ್ರ ಬದಲಿಸುತ್ತದೆ, ಮತ್ತೆ ಕುಗ್ಗಿಸುವುದಿಲ್ಲ. ಆದ್ದರಿಂದ 1.5 ಡೆಸಿಬೆಲ್ ಮೆಟ್ಟಿಲುಗಳಲ್ಲೇ ಏರಿಳಿಸಬೇಕು. ಅದರಲ್ಲಿ ಗುರಿ ಮಟ್ಟ 93 ಡೆಸಿಬೆಲ್ ಕೊಟ್ಟರೆ ಹೊಸ ಫೈಲುಗಳ ಜೊತೆ ಹೆಚ್ಚುಕಡಿಮೆ ಸಮಕ್ಕೆ ಬರುತ್ತದೆ.

ಕಪ್ಪುಪರದೆ:

ಒಂದು ಸೇರ್ಪಡೆ. ವಿ2 ಫೈಲಿನಲ್ಲಿ ಕಾರು ಹಾಡಿನ ಅವಧಿಯನ್ನು ತಪ್ಪು ತೋರಿಸಿದರೆ, ಅಥವಾ ಮುಂದಕ್ಕೆ ಓಡಿಸಿದಾಗ ಎಲ್ಲೋ ಹೋಗಿ ನಿಂತರೆ, ಆ ಸ್ಟೀರಿಯೋಗೆ ಏರಿಳಿಯುವ ಬಿಟ್‌ರೇಟಿನ ಲೆಕ್ಕ ಬರುವುದಿಲ್ಲ ಎಂದರ್ಥ. ಫೈಲ್ ಕೆಟ್ಟಿಲ್ಲ. ಆಗ ಸ್ಥಿರ 192 ಮಾಡಿ, ತಾಳಮದ್ದಳೆಗೆ 256. ಒಂದೇ ಫೈಲ್ ಮಾಡಿದ ಉದ್ದನೆಯ ರಾಗ, ತಾನ, ಪಲ್ಲವಿಯಲ್ಲಿ ಇದು ಬೇಗ ಗೊತ್ತಾಗುತ್ತದೆ, ಎಲ್ಲ ಕನ್ವರ್ಟ್ ಮಾಡುವ ಮೊದಲು ಅದೊಂದನ್ನು ಕಾರಿನಲ್ಲಿ ಓಡಿಸಿ ನೋಡಿ.